ಜೇಡ ದೊಡ್ಡದಾದರೆ ಕತೆ ದೊಡ್ಡದಾಗಲ್ಲ

ಓದುಗರ ಪತ್ರ: ‘ದಿ ವೈಲ್ಡ್ ವೈಲ್ಡ್ ವೆಸ್ಟ್’ ಎಂಬ ಹಳೇ ಅಮೆರಿಕನ್ ಸೀರಿಯಲ್‌ನ ಕೆಲವು ಕಂತು ನೋಡಿದೆ. ಕುದುರೆ, ಪಿಸ್ತೂಲು, ಜೊತೆಗೆ ಉಗಿಬಂಡಿ ಕಾಲದ ಚಿತ್ರವಿಚಿತ್ರ ಯಂತ್ರಗಳು. ಐಡಿಯಾ ಚೆನ್ನಾಗಿದೆ, ಆದರೆ ಸೆಟ್ಟುಗಳನ್ನು ನೋಡಿ ನಗು ಬಂತು. ಈಗಿನ ಗ್ರಾಫಿಕ್ಸ್ ಹಾಕಿ ಇದನ್ನು ಮತ್ತೆ ಯಾಕೆ ಯಾರೂ ತೆಗೆಯುತ್ತಿಲ್ಲ?
— ಓದುಗರು, ದಾವಣಗೆರೆ

ಸಂಪಾದಕರ ಉತ್ತರ:

ತೆಗೆದಿದ್ದಾರೆ ಸ್ವಾಮಿ! ಗ್ರಾಫಿಕ್ಸ್ ಹಾಕಿಯೇ ತೆಗೆದಿದ್ದಾರೆ. ಅದರಿಂದಲೇ ಈಗ ಯಾರಿಗೂ ಧೈರ್ಯ ಬರುತ್ತಿಲ್ಲ.

ಈ ಸೀರಿಯಲ್ ನೋಡಿರದ ಓದುಗರಿಗೆ ಮೊದಲು ಎರಡು ಮಾತು. 1965ರಿಂದ 1969ರವರೆಗೆ ಸಿಬಿಎಸ್ ವಾಹಿನಿಯಲ್ಲಿ ಇದರ 104 ಕಂತು ಬಂದವು. ಮೊದಲ ಸೀಸನ್ ಕಪ್ಪು-ಬಿಳುಪು, ಆಮೇಲೆ ಬಣ್ಣ. ಜೇಮ್ಸ್ ಬಾಂಡ್ ಸಿನಿಮಾಗಳ ಭರಾಟೆ ನಡೆದಿತ್ತು. ಆ ಬಾಂಡ್‌ನನ್ನು ಕುದುರೆ ಹತ್ತಿಸಿದರೆ ಹೇಗಿರುತ್ತೆ ಅಂತ ನಿರ್ಮಾಪಕ ಮೈಕೆಲ್ ಗ್ಯಾರಿಸನ್‌ಗೆ ಹೊಳೆಯಿತು. ಕತೆ ನಡೆಯುವುದು ಅಧ್ಯಕ್ಷ ಗ್ರಾಂಟ್ ಕಾಲದಲ್ಲಿ, ಅಂದರೆ 1870ರ ಆಸುಪಾಸು. ಇಬ್ಬರು ಸರ್ಕಾರಿ ಗೂಢಚಾರರು. ಜೇಮ್ಸ್ ವೆಸ್ಟ್ (ರಾಬರ್ಟ್ ಕಾನ್ರಾಡ್) ಹೊಡೆದಾಟದವನು, ಆರ್ಟಿಮಸ್ ಗಾರ್ಡನ್ (ರಾಸ್ ಮಾರ್ಟಿನ್) ವೇಷ ಹಾಕುವುದರಲ್ಲಿ ನಿಸ್ಸೀಮ. ಓಡಾಡೋಕೆ ಅವರದೇ ಒಂದು ರೈಲು. ಉಗಿಯಂತ್ರದ ಕಾಲಕ್ಕೆ ಕಲ್ಪನೆಯ ಯಂತ್ರಗಳನ್ನು ಬೆರೆಸುವ ಇಂಥ ಕತೆಗಳಿಗೆ ‘ಸ್ಟೀಮ್‌ಪಂಕ್’ ಅನ್ನುವ ಹೆಸರು ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಮುಂಚೆಯೇ ಇವರು ಅದನ್ನು ಮಾಡಿ ಮುಗಿಸಿದ್ದರು.

1999ರಲ್ಲಿ ಇದು ಸಿನಿಮಾ ಆಯಿತು. ವಿಲ್ ಸ್ಮಿತ್, ಕೆವಿನ್ ಕ್ಲೈನ್, ಕೆನೆತ್ ಬ್ರಾನಾ ನಟಿಸಿದ್ದರು. ‘ಮೆನ್ ಇನ್ ಬ್ಲ್ಯಾಕ್’ ಮಾಡಿ ಗೆದ್ದಿದ್ದ ಬ್ಯಾರಿ ಸೊನೆನ್‌ಫೆಲ್ಡ್ ನಿರ್ದೇಶಕರು. ಖರ್ಚು ಸುಮಾರು 17 ಕೋಟಿ ಡಾಲರ್. ಕೊನೆಯಲ್ಲಿ 80 ಅಡಿ ಎತ್ತರದ ಉಕ್ಕಿನ ಜೇಡ ಮರುಭೂಮಿಯಲ್ಲಿ ನಡೆದು ಬರುತ್ತದೆ. ನೀವು ಕೇಳಿದ ಗ್ರಾಫಿಕ್ಸ್ ಎಲ್ಲಾ ಅದರಲ್ಲಿತ್ತು. ಆ ವರ್ಷದ ಅತಿ ಕೆಟ್ಟ ಚಿತ್ರ ಎಂಬುದೂ ಸೇರಿ ಐದು ರಾಝಿ (ಕೆಟ್ಟ ಸಿನಿಮಾಗಳಿಗೆ ಕೊಡುವ ಅಣಕು) ಪ್ರಶಸ್ತಿ ಬಂದವು. ಅವನ್ನು ತೆಗೆದುಕೊಳ್ಳಲು ಖುದ್ದಾಗಿ ಹೋದವರು ಯಾರು ಗೊತ್ತಾ? ಹಳೇ ಜೇಮ್ಸ್ ವೆಸ್ಟ್, ರಾಬರ್ಟ್ ಕಾನ್ರಾಡ್! ಸಿನಿಮಾ ಅವರಿಗೆ ಅಷ್ಟು ಕೋಪ ತರಿಸಿತ್ತು. (ಇದಕ್ಕಾಗಿ ವಿಲ್ ಸ್ಮಿತ್ ಬಿಟ್ಟುಕೊಟ್ಟ ಇನ್ನೊಂದು ಸಿನಿಮಾ ‘ದಿ ಮೇಟ್ರಿಕ್ಸ್’. ಪಾಪ.) ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ ಎಂಬ ಇನ್ನೊಂದು ಹಳೇ ಸೀರಿಯಲ್ಲನ್ನು ಹೊಸದಾಗಿ ಮಾಡಿದ್ದ ರೊನಾಲ್ಡ್ ಮೂರ್ 2010ರಲ್ಲಿ ಇದನ್ನೂ ಟಿವಿಗೆ ತರಲು ಹೊರಟರು. ಅದು ತೆರೆಗೆ ಬರಲೇ ಇಲ್ಲ.

ನಿಮಗೆ ನಗು ಬಂದದ್ದು ಸಹಜ. ಆದರೆ ಮುಂದಿನ ಸಲ ವೆಸ್ಟ್‌ನ ಕೋಟಿನ ತೋಳು ಗಮನಿಸಿ. ಒಳಗೆ ಸ್ಪ್ರಿಂಗ್ ಇರುವ ಒಂದು ಸರಳು, ಅದರ ತುದಿಗೆ ಪುಟಾಣಿ ಪಿಸ್ತೂಲು. ತೋಳು ಚಾಚಿದರೆ ಸರ್ರನೆ ಜಾರಿ ಅಂಗೈಗೆ ಬರುತ್ತದೆ. ಬೂಟಿನ ಮೂತಿಯಲ್ಲಿ ಚೂರಿ, ಹಿಮ್ಮಡಿಯಲ್ಲಿ ಸಿಡಿಮದ್ದು. ಎಲ್ಲವೂ ಮೈಮೇಲೆ ಹಿಡಿಸುವಷ್ಟೇ ಇವೆ. ಅವನನ್ನು ಕಂಬಕ್ಕೆ ಕಟ್ಟಿಹಾಕಿದಾಗ ಬೂಟಿನಲ್ಲಿ ಏನಿದೆ ಅಂತ ನಮಗೆ ಗೊತ್ತಿರುತ್ತದೆ, ವೈರಿಗೆ ಗೊತ್ತಿರಲ್ಲ. ಮಜಾ ಇರುವುದೇ ಅಲ್ಲಿ. ಜೇಡ ಬಂದಾಗ ನಾವು ಬಾಯಿ ಬಿಟ್ಟುಕೊಂಡು ನೋಡುತ್ತೇವೆ ಅಷ್ಟೇ, ನಮಗೆ ಅಲ್ಲಿ ಕೆಲಸವಿಲ್ಲ.

ಹೊಡೆದಾಟವೂ ಹಾಗೇ. ಕಾನ್ರಾಡ್ ಹೆಚ್ಚಿನ ಸಾಹಸ ದೃಶ್ಯಗಳನ್ನು ತಾವೇ ಮಾಡುತ್ತಿದ್ದರು. 1968ರಲ್ಲಿ ಹಾಗೆ ಹಾರಲು ಹೋಗಿ ಬಿದ್ದು ತಲೆಬುರುಡೆಗೇ ಪೆಟ್ಟಾಯಿತು, ಶೂಟಿಂಗ್ ನಿಂತಿತು. ಅಷ್ಟು ಅಪಾಯ ಯಾರೂ ಮೈಮೇಲೆ ಎಳೆದುಕೊಳ್ಳಬೇಕಿಲ್ಲ. ಆದರೆ ಮನುಷ್ಯ ನಿಜಕ್ಕೂ ಮೇಜಿನ ಮೇಲೆ ಬಿದ್ದಾಗ ಕಾಣುವ ತೂಕ ಕಂಪ್ಯೂಟರಿನಲ್ಲಿ ಬರಲ್ಲ. ಅಂದಹಾಗೆ, ಸೀರಿಯಲ್ ನಿಂತದ್ದು ನೋಡುವವರಿಲ್ಲದೆ ಅಲ್ಲ. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ ಹತ್ಯೆಗಳಾದ ಮೇಲೆ ಟಿವಿಯ ಹಿಂಸೆಯ ಬಗ್ಗೆ ಅಮೆರಿಕದ ಸಂಸತ್ತಿನಲ್ಲಿ ಗದ್ದಲ ಎದ್ದಿತ್ತು. ಆ ಒತ್ತಡಕ್ಕೆ ಇದು ಬಲಿಯಾಯಿತು.

ಹಾಗಾದರೆ ಮತ್ತೆ ಮಾಡಲೇಬಾರದಾ? ಮಾಡಬೇಕು. ನನ್ನ ಪ್ರಕಾರ ಬೆಳೆಸಬೇಕಾದ್ದು ಯಂತ್ರವನ್ನಲ್ಲ, ಖಳನಾಯಕನನ್ನು.

ಸೀರಿಯಲ್‌ನ ಖಳನಾಯಕ ಡಾಕ್ಟರ್ ಲವ್‌ಲೆಸ್‌ನನ್ನು ನೀವು ನೋಡಿದಿರೋ ಇಲ್ಲವೋ. ಆ ಪಾತ್ರ ಮಾಡಿದವರು ಮೈಕೆಲ್ ಡನ್. ನಾಲ್ಕು ಅಡಿಗೂ ಕಡಿಮೆ ಎತ್ತರ, ‘ಶಿಪ್ ಆಫ್ ಫೂಲ್ಸ್’ ಚಿತ್ರಕ್ಕೆ ಆಸ್ಕರ್ ನಾಮನಿರ್ದೇಶನ ಪಡೆದಿದ್ದ ಕಲಾವಿದ. ಹತ್ತೇ ಕಂತುಗಳಲ್ಲಿ ಬಂದು ಇಡೀ ಸೀರಿಯಲ್ಲನ್ನೇ ತಮ್ಮದು ಮಾಡಿಕೊಂಡರು. ಕೊಲೆಯ ಸಂಚು ಹೂಡುತ್ತಾ ನಡುವೆ ಗೆಳತಿಯ ಜೊತೆ ಕೂತು ಸೊಗಸಾಗಿ ಹಾಡುತ್ತಾನೆ. ಈ ಲವ್‌ಲೆಸ್‌ಗೆ ಒಂದು ಅಹವಾಲಿದೆ: ಕ್ಯಾಲಿಫೋರ್ನಿಯಾದ ಜಮೀನು ತನ್ನ ಹಿರಿಯರದು, ಅದನ್ನು ಕಿತ್ತುಕೊಂಡಿದ್ದಾರೆ.

ಇದು ಸುಮ್ನೆ ಕಟ್ಟಿದ ಮಾತಲ್ಲ. 1848ರಲ್ಲಿ ಕ್ಯಾಲಿಫೋರ್ನಿಯಾ ಮೆಕ್ಸಿಕೋದಿಂದ ಅಮೆರಿಕದ ಕೈಗೆ ಬಂತು. 1851ರ ಕಾನೂನು ಬಂದು, ಹಳೇ ಜಮೀನ್ದಾರರು ತಮ್ಮ ಹಕ್ಕುಪತ್ರ ಸಾಬೀತು ಮಾಡಬೇಕು ಅಂದಿತು. ಕೇಸು ವರ್ಷಗಟ್ಟಲೆ ನಡೆದವು. ವಕೀಲರ ಫೀಸು ಕಟ್ಟಿ, ಸಾಲ ಮಾಡಿ, ಗೆದ್ದವರೂ ಎಷ್ಟೋ ಜನ ಜಮೀನು ಕಳೆದುಕೊಂಡರು. ಇನ್ನು ಅದಕ್ಕೂ ಮುಂಚಿನ ಮೂಲನಿವಾಸಿಗಳ ಪಾಡು ಕೇಳಲೇಬೇಡಿ. ಅರವತ್ತರ ದಶಕದ ಸೀರಿಯಲ್ ಈ ಎಳೆಯನ್ನು ಮುಟ್ಟಿ ಬಿಟ್ಟುಬಿಟ್ಟಿತು. ಸಿನಿಮಾ ಅದನ್ನೂ ಕೈಬಿಟ್ಟು, ಕಾಲಿಲ್ಲದ ಲವ್‌ಲೆಸ್‌ನನ್ನು ಉಗಿಯ ಗಾಲಿಕುರ್ಚಿಯಲ್ಲಿ ಕೂರಿಸಿತು. ಸಿನಿಮಾದ ಕಪ್ಪು ವರ್ಣದ ವೆಸ್ಟ್ (ವಿಲ್ ಸ್ಮಿತ್) ಅವನ ಕಾಲಿನ ಬಗ್ಗೆ, ಅವನು ವೆಸ್ಟ್‌ನ ಬಣ್ಣದ ಬಗ್ಗೆ ಚುಚ್ಚುಮಾತು ಆಡಿಸಿ ಅದನ್ನೇ ಜೋಕು ಅಂದುಕೊಂಡರು.

ಕಪ್ಪು ನಾಯಕ ಬೇಡ ಅಂತ ನಾನು ಹೇಳುತ್ತಿಲ್ಲ. ಬ್ಯಾಸ್ ರೀವ್ಸ್ ಅಂತ ಒಬ್ಬರಿದ್ದರು. ಗುಲಾಮರಾಗಿ ಹುಟ್ಟಿ, 1875ರಲ್ಲಿ ಅಮೆರಿಕದ ಡೆಪ್ಯುಟಿ ಮಾರ್ಷಲ್ ಆದವರು. ವೇಷ ಮರೆಸಿಕೊಂಡು ಕಳ್ಳರನ್ನು ಹಿಡಿಯುವುದರಲ್ಲಿ ಹೆಸರು ಮಾಡಿದ್ದರು. ಆರ್ಟಿಮಸ್ ಗಾರ್ಡನ್‌ಗೆ ಇದಕ್ಕಿಂತ ಒಳ್ಳೆ ಮಾದರಿ ಬೇಕಾ? ರೈಲಿನ ವಿಷಯಕ್ಕೆ ಬಂದರೆ, 1869ರಲ್ಲಿ ಪೂರ್ವ-ಪಶ್ಚಿಮ ಕೂಡಿಸಿದ ಆ ಹಳಿಯ ಪಶ್ಚಿಮದ ಭಾಗ ಹಾಕಿದವರಲ್ಲಿ ಸಾವಿರಾರು ಮಂದಿ ಚೀನಾದ ಕೂಲಿಗಳು. ಸಿಯೆರಾ ನೆವಾಡದ ಬಂಡೆ ಸಿಡಿಸಿ ಸುರಂಗ ಕೊರೆದವರು ಅವರೇ. ಹಳೇ ಸೀರಿಯಲ್‌ನ ಮೊದಲ ಕಂತಿನಲ್ಲೇ ವಿಕ್ಟರ್ ಬ್ಯೂನೋ ಎಂಬ ಬಿಳಿಯ ನಟ ಚೀನೀ ವ್ಯಾಪಾರಿಯಾಗಿ ಬರುತ್ತಾರೆ. ಆ ಜಾಗಕ್ಕೆ ಸಿಡಿಮದ್ದಿನ ಕೆಲಸ ಗೊತ್ತಿರುವ ನಿಜವಾದ ಚೀನೀ ಕಾರ್ಮಿಕನೊಬ್ಬ ಬರಲಿ. ವೆಸ್ಟ್‌ನ ಬೂಟಿಗೆ ಮದ್ದು ತುಂಬಿಕೊಡುವವನು ಅವನೇ ಯಾಕಾಗಬಾರದು?

ಒಂದನ್ನು ಮಾತ್ರ ಹಾಗೇ ಉಳಿಸಿಕೊಳ್ಳಲಿ. ಶುರುವಿನ ಕಾರ್ಟೂನಿನಲ್ಲಿ ತೆರೆ ಐದು ಚೌಕವಾಗುತ್ತದೆ, ನಡುವೆ ನಾಯಕ. ಪ್ರತಿ ಜಾಹೀರಾತಿಗೆ ಮುಂಚೆ ದೃಶ್ಯ ಸ್ತಬ್ಧವಾಗಿ, ಕೈಯಲ್ಲಿ ಬಿಡಿಸಿದ ಚಿತ್ರವಾಗಿ ಒಂದು ಮೂಲೆಯಲ್ಲಿ ಹೋಗಿ ಕೂರುತ್ತದೆ. ಕಂತು ಮುಗಿಯುವಷ್ಟರಲ್ಲಿ ನಾಲ್ಕೂ ಮೂಲೆ ತುಂಬಿರುತ್ತವೆ. ಜಾಹೀರಾತನ್ನೂ ಕತೆಯ ಕೆಲಸಕ್ಕೆ ಹಚ್ಚಿದ ಜಾಣತನ ಅದು.

ನೀವು ಯಾವ ಕಂತು ನೋಡಿದಿರಿ ಅಂತ ಬರೆದಿಲ್ಲ. ಲವ್‌ಲೆಸ್ ಮೊದಲು ಬರುವುದು ಮೊದಲ ಸೀಸನ್ನಿನ ಮೂರನೇ ಕಂತಿನಲ್ಲಿ, ಕಪ್ಪು-ಬಿಳುಪಿನದು. ಅದೊಂದು ನೋಡಿ ಇನ್ನೊಂದು ಪತ್ರ ಹಾಕಿ.

— ಸಂಪಾದಕ