ಶುಗರ್‌ಗೆ ಮಾತ್ರೆ ನುಂಗಬೇಕಾ, ಪಥ್ಯ ಮಾಡಿದರೆ ಸಾಕಾ?

ಪ್ರಶ್ನೆ: ಡಾಕ್ಟ್ರೇ, ನನಗೆ 46 ವರ್ಷ. ಬಟ್ಟೆ ಅಂಗಡಿ ಇದೆ, ದಿನವಿಡೀ ಗಲ್ಲಾದ ಮೇಲೆ ಕೂತಿರುತ್ತೇನೆ. ತೂಕ 84 ಕೆಜಿ, ಎತ್ತರ ಐದಡಿ ಆರಿಂಚು. ಹೋದ ತಿಂಗಳು ಟೆಸ್ಟ್ ಮಾಡಿಸಿದಾಗ ಬರಿ ಹೊಟ್ಟೆಯ ಶುಗರ್ 164, ಎಚ್‌ಬಿಎ1ಸಿ 8.1 ಬಂತು. ಮೆಟ್‌ಫಾರ್ಮಿನ್ 500 ದಿನಕ್ಕೆ ಎರಡು ಸಲ ಬರೆದುಕೊಟ್ಟಿದ್ದಾರೆ. ಇನ್ನೂ ಶುರು ಮಾಡಿಲ್ಲ. ಒಂದು ಸಲ ಶುರು ಮಾಡಿದರೆ ಸಾಯುವ ತನಕ ಬಿಡುವ ಹಾಗಿಲ್ಲ, ಕಿಡ್ನಿ ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಆರು ತಿಂಗಳು ಪಥ್ಯ, ವಾಕಿಂಗ್ ಮಾಡಿ ನೋಡಲಾ?
— ಓದುಗರು, ದಾವಣಗೆರೆ

ಉತ್ತರ: ಆರು ತಿಂಗಳು ಕಾಯಬೇಡಿ. ಮಾತ್ರೆ ಇವತ್ತೇ ಶುರು ಮಾಡಿ, ವಾಕಿಂಗೂ ಇವತ್ತೇ ಶುರು ಮಾಡಿ.

ನಿಮ್ಮ ಎಚ್‌ಬಿಎ1ಸಿ 6.6, 6.7 ಇದ್ದಿದ್ದರೆ ‘ಮೂರು ತಿಂಗಳು ಊಟ, ಓಡಾಟ ಸರಿ ಮಾಡಿಕೊಂಡು ಬನ್ನಿ, ಆಮೇಲೆ ನೋಡೋಣ’ ಅಂತ ನಾನೇ ಹೇಳುತ್ತಿದ್ದೆ. 8.1 ಅಂದರೆ ಕಳೆದ ಎರಡು ಮೂರು ತಿಂಗಳಲ್ಲಿ ನಿಮ್ಮ ಸರಾಸರಿ ಶುಗರ್ 185ರ ಹತ್ತಿರ ಇತ್ತು ಅಂತ ಅರ್ಥ. ಅಷ್ಟು ಸಕ್ಕರೆಯಲ್ಲಿ ದಿನಗಳು ಕಳೆದಷ್ಟೂ ಇನ್ಸುಲಿನ್ ಮಾಡುವ ಮೇದೋಜೀರಕ ಗ್ರಂಥಿ ಇನ್ನಷ್ಟು ದಣಿಯುತ್ತದೆ. ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾದ ಯುಕೆಪಿಡಿಎಸ್ ಅಧ್ಯಯನ ಹೊಸದಾಗಿ ಶುಗರ್ ಬಂದ 5,000ಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ನೋಡಿತು. ಕಾಯಿಲೆ ಪತ್ತೆಯಾಗುವ ಹೊತ್ತಿಗೇ ಇನ್ಸುಲಿನ್ ಮಾಡುವ ಶಕ್ತಿ ಅರ್ಧದಷ್ಟು ಹೋಗಿರುತ್ತದೆ ಅನ್ನುವುದು ಅದರಿಂದ ತಿಳಿಯಿತು. ಇನ್ನೊಂದು ವಿಷಯವೂ ತಿಳಿಯಿತು. ಶುರುವಿನಲ್ಲೇ ಶುಗರ್ ಹಿಡಿತಕ್ಕೆ ತಂದುಕೊಂಡವರಿಗೆ ಅದರ ಲಾಭ ಹತ್ತು ವರ್ಷದ ನಂತರವೂ ಉಳಿದಿತ್ತು. ನೀವು ‘ನೋಡೋಣ’ ಅಂತ ಬಿಡುವ ಆರು ತಿಂಗಳು ಆ ಶುರುವಿನ ಕಾಲವೇ ಅಲ್ವಾ?

ಕಿಡ್ನಿ ವಿಷಯ. ಕಿಡ್ನಿ ಹಾಳು ಮಾಡುವುದು ವರ್ಷಗಟ್ಟಲೆ ಏರಿದ ಶುಗರ್ ಮತ್ತು ಬಿಪಿ. ಮೆಟ್‌ಫಾರ್ಮಿನ್ ಅಲ್ಲ. ಈ ಔಷಧ ಮೂತ್ರದ ಮೂಲಕ ಹೊರಗೆ ಹೋಗುತ್ತದೆ, ಹಾಗಾಗಿ ಕಿಡ್ನಿ ಮೊದಲೇ ಸೋತವರಿಗೆ ಡೋಸ್ ಕಡಿಮೆ ಮಾಡುತ್ತೇವೆ, ತೀರಾ ಸೋತಿದ್ದರೆ ನಿಲ್ಲಿಸುತ್ತೇವೆ. ಅದನ್ನು ಕಂಡವರು ‘ಮಾತ್ರೆಯಿಂದಲೇ ಕಿಡ್ನಿ ಹೋಯಿತು’ ಅಂದುಕೊಳ್ಳುತ್ತಾರೆ. ಕಿಡ್ನಿ ಹೇಗಿದೆ ಅಂತ ತಿಳಿಯಲು ವರ್ಷಕ್ಕೊಮ್ಮೆ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಟೆಸ್ಟ್ ಮಾಡಿಸಿ. ಮಾತ್ರೆಯಿಂದ ತೊಂದರೆಯೇ ಇಲ್ಲ ಅಂತಲ್ಲ. ಮೊದಲ ಕೆಲವು ವಾರ ಹೊಟ್ಟೆ ಕೆಡಬಹುದು, ಊಟದ ಜೊತೆಗೇ ನುಂಗಿದರೆ ಅದು ಕಡಿಮೆ. ಬಹಳ ವರ್ಷ ತೆಗೆದುಕೊಂಡರೆ ಮೈಯಲ್ಲಿ ವಿಟಮಿನ್ ಬಿ12 ಇಳಿಯಬಹುದು, ಅದಕ್ಕೂ ರಕ್ತ ಪರೀಕ್ಷೆ ಇದೆ.

ಇಷ್ಟು ಹೇಳಿದೆ ಅಂತ ಪಥ್ಯ ಬರೀ ನೆಪಕ್ಕೆ ಅಂದುಕೊಳ್ಳಬೇಡಿ. ನಿಮ್ಮ ವಯಸ್ಸು, ನಿಮ್ಮ ತೂಕ ನೋಡಿದರೆ ಮಾತ್ರೆಗಿಂತ ದೊಡ್ಡ ಕೆಲಸ ಮಾಡುವುದು ಅದೇ. ಬ್ರಿಟನ್ನಿನಲ್ಲೇ ಡೈರೆಕ್ಟ್ ಅನ್ನುವ ಇನ್ನೊಂದು ಅಧ್ಯಯನ ನಡೆಯಿತು, ಶುಗರ್ ಬಂದು ಆರು ವರ್ಷದೊಳಗಿನ, ತೂಕ ಜಾಸ್ತಿ ಇದ್ದ, ಇನ್ಸುಲಿನ್ ಚುಚ್ಚಿಕೊಳ್ಳದ 306 ಜನರ ಮೇಲೆ. ಅರ್ಧ ಜನರಿಗೆ ಮಾತ್ರೆ ನಿಲ್ಲಿಸಿ, ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲರಿಯ ಸೂಪ್, ಶೇಕ್ ಮಾತ್ರ ಕೊಟ್ಟು, ಆಮೇಲೆ ನಿಧಾನವಾಗಿ ಊಟಕ್ಕೆ ತಂದರು. ಒಂದು ವರ್ಷದ ಹೊತ್ತಿಗೆ ಅವರಲ್ಲಿ ಶೇ 46 ಜನರ ಶುಗರ್ ಮಾತ್ರೆ ಇಲ್ಲದೆ ಹಿಡಿತದಲ್ಲಿತ್ತು. 15 ಕೆಜಿ ಅಥವಾ ಜಾಸ್ತಿ ಇಳಿಸಿದವರಲ್ಲಂತೂ ಶೇ 86! ಎರಡನೇ ವರ್ಷದ ಕೊನೆಗೆ 46 ಇದ್ದದ್ದು 36ಕ್ಕೆ ಇಳಿಯಿತು, ಅದನ್ನೂ ಗಮನಿಸಿ. ಮತ್ತೆ ಅವರ ಮೇಲೆ ಕ್ಲಿನಿಕ್‌ನವರ ಕಣ್ಣಿತ್ತು, ಮನೆಯಲ್ಲಿ ಸುಮ್ನೆ ಮಾತ್ರೆ ಬಿಟ್ಟು ಕೂತಿರಲಿಲ್ಲ. ಅಂಥ ಡಯಟ್ ನೀವಾಗಿಯೇ ಮಾಡಬೇಡಿ.

ನೀವು ಮಾಡಬೇಕಾದದ್ದು ಸರಳ. ಅಂಗಡಿಗೆ ತರಿಸುವ ಟೀಗೆ ಸಕ್ಕರೆ ಬೇಡ. ಬೆಣ್ಣೆ ದೋಸೆ ಅಪರೂಪಕ್ಕೆ ಇರಲಿ. ಸಂಜೆಯ ಮಂಡಕ್ಕಿ ಹಗುರ ಅನಿಸುತ್ತದೆ, ಆದರೆ ಅದು ಅಕ್ಕಿಯೇ, ಶುಗರ್ ಬೇಗ ಏರಿಸುತ್ತದೆ. ಅದರ ಬದಲು ಒಂದು ಹಿಡಿ ಶೇಂಗಾ ಅಥವಾ ಬೇಯಿಸಿದ ಕಡಲೆ ತಿನ್ನಿ. ತಟ್ಟೆಯಲ್ಲಿ ಅರ್ಧ ಪಲ್ಯ, ಕೋಸಂಬರಿ, ಸೊಪ್ಪು, ಕಾಲು ಭಾಗ ಬೇಳೆಯೋ ಮೊಟ್ಟೆಯೋ ಮೀನೋ, ಉಳಿದ ಕಾಲು ಭಾಗ ರೊಟ್ಟಿ ಅಥವಾ ಅನ್ನ. ಪಲ್ಯ ಮೊದಲು ತಿನ್ನಿ, ಅನ್ನ ಕೊನೆಗೆ. ರಾಗಿ, ಜೋಳ ಒಳ್ಳೆಯದೇ, ಆದರೆ ಅದರಲ್ಲೂ ಪಿಷ್ಟ ಇದೆ. ಎರಡು ದೊಡ್ಡ ಮುದ್ದೆ ತಿಂದು ‘ರಾಗಿ ತಾನೇ’ ಅಂದರೆ ಶುಗರ್ ನೋಡುವ ಮೀಟರ್ ಒಪ್ಪುವುದಿಲ್ಲ, ರಾಗಿ ಗಂಜಿ ಕುಡಿದರಂತೂ ಇನ್ನೂ ಬೇಗ ಏರುತ್ತದೆ. ಪ್ರತಿ ಊಟದ ನಂತರ ಹತ್ತು ಹದಿನೈದು ನಿಮಿಷ ನಡೆಯಿರಿ, ಗಿರಾಕಿ ಇಲ್ಲದಾಗ ಅಂಗಡಿಯೊಳಗೇ ಆದರೂ ಸರಿ. ಕೆಲಸ ಮಾಡುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ, ಅದಕ್ಕೇ ಈ ಮಾತು. ವಾರಕ್ಕೆ ಒಟ್ಟು 150 ನಿಮಿಷ ಬಿರುಸಾದ ನಡಿಗೆ ಆಗಬೇಕು. ಜೊತೆಗೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವಂಥ ವ್ಯಾಯಾಮ, ವಾರದಲ್ಲಿ ಎರಡು ಮೂರು ದಿನ.

ಮೂರು ತಿಂಗಳಿಗೆ ಮತ್ತೆ ಎಚ್‌ಬಿಎ1ಸಿ ಮಾಡಿಸಿ. ತೂಕ ಚೆನ್ನಾಗಿ ಇಳಿದು ಅದು 6.5ಕ್ಕಿಂತ ಕೆಳಗೆ ಬಂದರೆ ‘ಮಾತ್ರೆ ಕಡಿಮೆ ಮಾಡಬಹುದಾ’ ಅಂತ ನಿಮ್ಮ ಡಾಕ್ಟರನ್ನು ಧೈರ್ಯವಾಗಿ ಕೇಳಿ. ಆ ಪ್ರಶ್ನೆ ಕೇಳುವ ಹಕ್ಕು ನಿಮಗಿದೆ. ನಿಲ್ಲಿಸಿದರೂ ಮೂರು ತಿಂಗಳಿಗೊಮ್ಮೆ ಪರೀಕ್ಷೆ ಬಿಡಬೇಡಿ. ಮಾತ್ರೆ ಒಂದು ಕಡೆ, ಪಥ್ಯ ಒಂದು ಕಡೆ ಅಂತ ಪಂಗಡ ಮಾಡಿ ಜನರನ್ನು ಹೆದರಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಕಣ್ಣು, ಕಿಡ್ನಿ ಕಳೆದುಕೊಳ್ಳುವವರು ಅವರಲ್ಲ.

ಪ್ರಶ್ನೆ: ನಮ್ಮ ಅತ್ತೆಗೆ 68 ವರ್ಷ, ಶುಗರ್ ಬಂದು 14 ವರ್ಷ ಆಯಿತು. ಗ್ಲಿಮಿಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆ ತೆಗೆದುಕೊಳ್ಳುತ್ತಾರೆ. ಶ್ರಾವಣ ಸೋಮವಾರ ಉಪವಾಸ ಮಾಡುತ್ತಾರೆ, ಮಾತ್ರೆ ಮಾತ್ರ ತಪ್ಪಿಸುವುದಿಲ್ಲ. ಹೋದ ವಾರ ಗುಡಿಗೆ ನಡೆದು ಹೋಗಿ ಬಂದವರೇ ಮೈಯೆಲ್ಲಾ ಬೆವರಿ, ನಡುಗಿ, ಏನೇನೋ ಮಾತಾಡಿದರು. ಬಿಪಿ ಇರಬಹುದಾ?
— ಓದುಗರು, ಹಾವೇರಿ

ಉತ್ತರ: ನೀವು ಬರೆದದ್ದು ನೋಡಿದರೆ ಶುಗರ್ ಇಳಿದದ್ದೇ ಅನಿಸುತ್ತದೆ. ಗ್ಲಿಮಿಪಿರೈಡ್ ಹೊಟ್ಟೆಗೆ ಊಟ ಬಿದ್ದಿದೆಯೋ ಇಲ್ಲವೋ ನೋಡುವುದಿಲ್ಲ, ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಅದರ ಮೇಲೆ ಉಪವಾಸ, ನಡಿಗೆ ಎರಡೂ ಸೇರಿದವು. ಮತ್ತೆ ಹೀಗಾದರೆ ಕೂಡಲೇ ಮೀಟರಿನಲ್ಲಿ ನೋಡಿ, 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ. ಮೀಟರ್ ಇಲ್ಲದಿದ್ದರೂ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರಿರದಿದ್ದರೆ ಇನ್ನೊಮ್ಮೆ ಕೊಡಿ, ಆಮೇಲೆ ಊಟ ಮಾಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಈ ಮಾತ್ರೆಯ ಪರಿಣಾಮ ಬಹಳ ಹೊತ್ತು ಇರುತ್ತದೆ, ಸುಧಾರಿಸಿದ ಮೇಲೂ ಮತ್ತೆ ಇಳಿಯಬಹುದು.

ಮುಂದಿನ ಸೋಮವಾರ ಬರುವ ಮೊದಲೇ ಡಾಕ್ಟರ ಹತ್ತಿರ ಹೋಗಿ ನಡೆದದ್ದನ್ನು ಪೂರ್ತಿ ಹೇಳಿ. ಈ ವಯಸ್ಸಿನಲ್ಲಿ, ಇಷ್ಟು ವರ್ಷದ ಕಾಯಿಲೆಯಲ್ಲಿ, ಎಚ್‌ಬಿಎ1ಸಿ 7ಕ್ಕಿಂತ ಕೆಳಗೇ ಇರಬೇಕು ಅನ್ನುವ ಹಟ ಬೇಡ. ಶುಗರ್ ಹೀಗೆ ತೀರಾ ಕೆಳಗೆ ಇಳಿಸದ ಬೇರೆ ಮಾತ್ರೆಗೆ ಬದಲಿಸಬಹುದು, ಡೋಸ್ ಕಡಿಮೆ ಮಾಡಬಹುದು. ಅತ್ತೆಯವರಿಗೆ ಉಪವಾಸ ಬಿಡಿ ಅಂತ ಗದರಬೇಡಿ, ಹಾಲು, ಹಣ್ಣು ತೆಗೆದುಕೊಂಡು ಮಾಡುವ ದಾರಿಯನ್ನು ಡಾಕ್ಟರ ಹತ್ತಿರವೇ ಕೂತು ಕೇಳಿಕೊಂಡು ಬನ್ನಿ.

ಪ್ರಶ್ನೆ: ಅಕ್ಕನ ಮಗಳಿಗೆ 11 ವರ್ಷ, ಟೈಪ್ 1 ಅಂತ ಇನ್ಸುಲಿನ್ ಚುಚ್ಚುತ್ತಿದ್ದಾರೆ. ಅಷ್ಟು ಚಿಕ್ಕ ಮಗುವಿಗೆ ಸೂಜಿ ಯಾಕೆ, ಹಾಗಲಕಾಯಿ ರಸ, ಪಥ್ಯದಲ್ಲೇ ಹೋಗುತ್ತದೆ ಅಂತ ನೆಂಟರು ಒತ್ತಾಯ ಮಾಡುತ್ತಿದ್ದಾರೆ.
— ಓದುಗರು, ಶಿರಸಿ

ಉತ್ತರ: ಒಂದು ದಿನವೂ ಇನ್ಸುಲಿನ್ ನಿಲ್ಲಿಸಬೇಡಿ. ಮೇಲಿನ ಎರಡು ಉತ್ತರಗಳಲ್ಲಿರುವುದು ಟೈಪ್ 2, ಇದು ಬೇರೆಯೇ ಕಾಯಿಲೆ. ಈ ಮಗುವಿನ ಮೈ ಇನ್ಸುಲಿನ್ ಮಾಡುವುದನ್ನೇ ಬಿಟ್ಟಿದೆ, ಅದನ್ನು ಯಾವ ರಸವೂ ತುಂಬಿಕೊಡುವುದಿಲ್ಲ. ಟೊರೊಂಟೊದಲ್ಲಿ 1922ರ ಜನವರಿಯಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಅದಕ್ಕೂ ಮೊದಲು ಇಂಥ ಮಕ್ಕಳಿಗೆ ಇದ್ದ ಚಿಕಿತ್ಸೆ ಪಥ್ಯ ಒಂದೇ, ಅದೂ ಉಪವಾಸದಂಥ ಪಥ್ಯ, ಮತ್ತು ಆ ಮಕ್ಕಳು ಸೊರಗಿ ಒಂದೆರಡು ವರ್ಷದಲ್ಲೇ ತೀರಿಕೊಳ್ಳುತ್ತಿದ್ದರು. ನೆಂಟರಿಗೆ ಇದನ್ನು ಓದಿ ಹೇಳಿ. ಜ್ವರ ಬಂದು ಮಗು ಊಟ ಬಿಟ್ಟರೂ ಇನ್ಸುಲಿನ್ ಬಿಡಬಾರದು, ಎಷ್ಟು ಕೊಡಬೇಕು ಅಂತ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ವಾಂತಿ, ಹೊಟ್ಟೆನೋವು, ಜೋರಾದ ಉಸಿರು ಕಂಡರೆ ಬೆಳಗಾಗಲಿ ಅಂತ ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.