ತೆಂಗ್ವಾರ್‌ನಲ್ಲಿ ಕನ್ನಡ ದಿನಚರಿ

ಪ್ರಶ್ನೆ: ಮೇಡಂ, 'ಲಾರ್ಡ್ ಆಫ್ ದ ರಿಂಗ್ಸ್' ಬರೆದ ಟೋಲ್ಕಿನ್ ಕಟ್ಟಿದ ತೆಂಗ್ವಾರ್ ಲಿಪಿಯನ್ನು ಎರಡು ತಿಂಗಳಿಂದ ಕಲಿಯುತ್ತಿದ್ದೇನೆ. ಅದರಲ್ಲಿ ಕನ್ನಡದಲ್ಲೇ ದಿನಚರಿ ಬರೆಯುವ ಆಸೆ. ಟ, ಳ, ಒತ್ತಕ್ಷರಗಳಿಗೆ ಏನು ಮಾಡಲಿ? ಮೊದಲು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಆಮೇಲೆ ಬದಲಾಯಿಸಲಾ? ಬರೆದದ್ದನ್ನು ಓದುವಾಗಲೂ ತಡವರಿಸುತ್ತೇನೆ.

ಉತ್ತರ: ಇಂಗ್ಲಿಷ್ ಅಕ್ಷರ ಖಂಡಿತ ಬೇಡ. ತೆಂಗ್ವಾರ್ ನಿಂತಿರುವುದೇ ಉಚ್ಚಾರಣೆಯ ಮೇಲೆ, ನಮ್ಮ ವರ್ಗೀಯ ವ್ಯಂಜನಗಳ ಹಾಗೆ. ಮುಖ್ಯ ಅಕ್ಷರ 24. ನಾಲ್ಕು ಉದ್ದ ಸಾಲು, ಆರು ಅಡ್ಡ ಸಾಲು. ಒಂದು ಕಡ್ಡಿ, ಒಂದು ಬಿಲ್ಲು, ಇಷ್ಟೇ ಬಂಡವಾಳ. ಬಿಲ್ಲು ಎರಡಾದರೆ ತ ಹೋಗಿ ದ ಆಗುತ್ತದೆ. ಕಡ್ಡಿ ಕೆಳಗಿಳಿಯದೆ ಮೇಲಕ್ಕೆದ್ದರೆ ಮೂಲದಲ್ಲಿ ಉಸಿರು ಉಜ್ಜಿಕೊಂಡು ಬರುವ ಧ್ವನಿಗಳು. ಅವು ನಮಗೆ ಬೇಕಿಲ್ಲ. ಆ ಜಾಗದಲ್ಲಿ ನಾನು ಥ, ಧ ಕೂರಿಸಿದ್ದೇನೆ. ಐದನೇ ಅಡ್ಡ ಸಾಲು ಅನುನಾಸಿಕಗಳದ್ದು. ತ ಥ ದ ಧ ನ, ಎಲ್ಲವೂ ಬಂತಲ್ಲ! ಮೊದಲ ಸಲ ಇದು ಹೊಳೆದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ತೊಡಕು ಒಂದೇ. ಅಲ್ಲಿ ಉದ್ದ ಸಾಲು ನಾಲ್ಕು, ನಮ್ಮ ವರ್ಗ ಐದು. ಹಾಗಾಗಿ ತ ಸಾಲಿನ ಅಕ್ಷರಗಳ ಕೆಳಗೆ ಚುಕ್ಕಿ ಇಟ್ಟು ಟ ವರ್ಗ ಮಾಡಿಕೊಂಡೆ. ಲ ಕೆಳಗೆ ಚುಕ್ಕಿ ಇಟ್ಟರೆ ಳ.

ಸೊನ್ನೆ, ದ್ವಿತ್ವ ಎರಡಕ್ಕೂ ಲಿಪಿಯಲ್ಲೇ ದಾರಿ ಇದೆ. ಅಕ್ಷರದ ಮೇಲೆ ಗೆರೆ ಎಳೆದರೆ ಅದರ ಹಿಂದೆ ಅದೇ ವರ್ಗದ ಅನುನಾಸಿಕ ಇದೆ ಎಂದರ್ಥ. ಕೆಳಗೆ ಎಳೆದರೆ ಅಕ್ಷರ ಇಮ್ಮಡಿ. 'ನಂಬಿಕೆ' ಬರೆಯಿರಿ: ನ, ಮೇಲೆ ಗೆರೆ ಇರುವ ಬ, ಅದಕ್ಕೆ ಇಕಾರದ ಗುರುತು, ಆಮೇಲೆ ಎಕಾರ ಹೊತ್ತ ಕ. ಮೂರೇ ಅಕ್ಷರ, ಕನ್ನಡದ ಲೆಕ್ಕವೇ. 'ಕಟ್ಟು' ಮಾತ್ರ ಸ್ವಲ್ಪ ಇಕ್ಕಟ್ಟು, ಚುಕ್ಕಿ ಗೆರೆ ಎರಡೂ ಕೆಳಗೇ ಬರುತ್ತವೆ. ಚುಕ್ಕಿಯನ್ನು ಗೆರೆಯ ಮೇಲಿಡಿ.

ಸ್ವರದ ಗುರುತನ್ನು, ಟೋಲ್ಕಿನ್ ತಮ್ಮ ಕಥೆಗಳಿಗಾಗಿ ಕಟ್ಟಿದ ಕ್ವೆನ್ಯ ಭಾಷೆಗೆ ಬರೆಯುವ ಹಾಗೆ, ಹಿಂದಿನ ವ್ಯಂಜನದ ಮೇಲೆ ಇಡಿ. ಇಂಗ್ಲಿಷಿಗೆ ಬಳಸುವ ಕ್ರಮದಲ್ಲಿ ಅದು ಮುಂದಿನ ವ್ಯಂಜನದ ಮೇಲೆ ಕೂರುತ್ತದೆ, ಕನ್ನಡದ ಕಣ್ಣಿಗೆ ಅದು ಹಿಂಸೆ. ಅಕಾರ ಬರೆಯಲೇಬೇಡಿ. ಕ್ವೆನ್ಯದಲ್ಲೂ ಅದನ್ನು ಎಷ್ಟೋ ಸಲ ಬಿಡುತ್ತಾರೆ.

ಇನ್ನು ಓದುವ ವಿಷಯ. ನಿಮ್ಮ ಪತ್ರದಲ್ಲಿ ನನ್ನ ಮನಸ್ಸಿಗೆ ಜಾಸ್ತಿ ತಟ್ಟಿದ್ದು ಅದೇ. ಮೊದಲ ವರ್ಷ ನಾನು ಳ ಗುರುತನ್ನು ಮೂರು ಸಲ ಬದಲಾಯಿಸಿದೆ. ಆ ನೋಟ್‌ಬುಕ್ಕಿನಲ್ಲಿ ಅಕ್ಕನ ಬಗ್ಗೆ ಒಂದು ಸಾಲಿದೆ. 'ಮುಖದಲ್ಲಿ ಕಳೆ' ಅಂತ ಬರೆದೆನೋ 'ಮುಖದಲ್ಲಿ ಕಲೆ' ಅಂತಲೋ ಇವತ್ತಿಗೂ ಗೊತ್ತಾಗುವುದಿಲ್ಲ. ಆ ದಿನ ಅವಳು ಹೇಗಿದ್ದಳು ಅನ್ನುವುದೇ ಕೈತಪ್ಪಿ ಹೋಯಿತು. ಟೋಲ್ಕಿನ್ ಕೂಡ 1919ರಲ್ಲಿ ತಮ್ಮದೇ ಇನ್ನೊಂದು ಲಿಪಿಯಲ್ಲಿ ದಿನಚರಿ ಬರೆಯಲು ಹೊರಟು, ಅಕ್ಷರಗಳನ್ನು ಬದಲಾಯಿಸುತ್ತಲೇ ಹೋದರು.

ಆದ್ದರಿಂದ ಅಕ್ಷರಪಟ್ಟಿಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದು ತಾರೀಖು ಹಾಕಿ. ಬದಲಾಯಿಸಲೇಬೇಕು ಅನ್ನಿಸಿದರೆ ಹೊಸ ನೋಟ್‌ಬುಕ್ಕಿನಿಂದ ಬದಲಾಯಿಸಿ, ಮಧ್ಯದಲ್ಲಿ ಬೇಡ. ರಾತ್ರಿ ಬರೆಯಲು ಕೂತಾಗ ಮೊದಲು ನಿನ್ನೆಯ ಪುಟವನ್ನು ಬಾಯಿಬಿಟ್ಟು ಓದಿ. ತಡವರಿಸಿದ ಪದಕ್ಕೆ ಪಕ್ಕದಲ್ಲಿ ಪೆನ್ಸಿಲ್ ಗುರುತು ಹಾಕಿ, ಅದೇ ಪದ ಇವತ್ತಿನ ಪುಟದಲ್ಲೂ ಬರುವ ಹಾಗೆ ಒಂದು ಸಾಲು ಬರೆಯಿರಿ.