ಉತ್ತರ ಕೊರಿಯಾದಿಂದ ಓಡಿಬಂದವರ ಕಥೆಯನ್ನು ವಿಡಿಯೋ ಮಾಡಿ ಜಗತ್ತಿಗೆ ತಿಳಿಸುವುದು ಹೇಗೆ?

ನೀವು ಮಡಿಕೇರಿಯವರು, ಓದಲು ಸಿಯೋಲ್‌ಗೆ ಹೊರಟಿದ್ದೀರಿ. ಅಲ್ಲಿ ಉತ್ತರ ಕೊರಿಯಾದಿಂದ ಓಡಿಬಂದವರನ್ನು ಮಾತಾಡಿಸಿ ವಿಡಿಯೋ ಮಾಡಬೇಕು ಅಂತಿದ್ದೀರಿ. "ಜಗತ್ತಿಗೆ ಗೊತ್ತಾದರೆ ಏನಾದರೂ ಬದಲಾಗುತ್ತದೆ" ಅಂತ ಬರೆದಿದ್ದೀರಲ್ಲ, ಆ ಸಾಲನ್ನು ಒಂದು ಕಾಲಕ್ಕೆ ನಾನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ದಯವಿಟ್ಟು ಆ ವಿಡಿಯೋ ಮಾಡಬೇಡಿ.

ನಾನು ಸಿಯೋಲ್ ಹತ್ತಿರ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದೆ. ರಜೆಯ ದಿನ ಒಂದು ಸಣ್ಣ ಸಂಸ್ಥೆಗೆ ಹೋಗಿ ಉತ್ತರದಿಂದ ಬಂದವರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ದಕ್ಷಿಣದವರ ಕೊರಿಯನ್ ಮಾತಿನಲ್ಲಿ ಇಂಗ್ಲಿಷ್ ಪದಗಳು ಬಹಳ. ಅಂಗಡಿಯ ಬೋರ್ಡಿನಿಂದ ಹಿಡಿದು ಕೆಲಸದ ಅರ್ಜಿಯವರೆಗೂ ಅದೇ. ಅದೇ ಭಾಷೆಯ ಜನ ಉತ್ತರದಿಂದ ಇಲ್ಲಿಗೆ ಬಂದು ಅರ್ಧ ಮಾತು ಅರ್ಥವಾಗದೆ ಕೂರುತ್ತಾರೆ. ನನ್ನ ಹತ್ತಿರ ಕಲಿಯುತ್ತಿದ್ದ ಹೆಂಗಸು ನನಗಿಂತ ದೊಡ್ಡವರು. ಅಕ್ಕ ಅಂತ ಕರೆಯುತ್ತಿದ್ದೆ, ಕೊರಿಯಾದಲ್ಲೂ ಅದೇ ವಾಡಿಕೆ. ಅವರ ಊರು, ವಯಸ್ಸು, ಬಂದ ವರ್ಷ ಯಾವುದನ್ನೂ ಇಲ್ಲಿ ಹೇಳುವುದಿಲ್ಲ.

ಪಾಠ ಮುಗಿದ ಮೇಲೆ ಅಕ್ಕ ಉತ್ತರ ಕೊರಿಯಾದ ಬದುಕಿನ ವಿಷಯ ತೆಗೆಯುತ್ತಿದ್ದರು. ಅವರ ಮನೆಯ ಮಾತು ಬಿಟ್ಟು ಎಲ್ಲರಿಗೂ ತಿಳಿದಿರುವುದನ್ನಷ್ಟೇ ಹೇಳುತ್ತೇನೆ. ಅಲ್ಲಿ ತಾತ ಏನಾಗಿದ್ದ ಅನ್ನುವುದರ ಮೇಲೆ ಮೊಮ್ಮಗುವಿನ ಹಣೆಬರಹ ನಿಂತಿದೆ. ನಿಷ್ಠರು, ಅನುಮಾನದವರು, ಶತ್ರುಗಳು ಅಂತ ಜನರನ್ನು ವಿಂಗಡಿಸಿಟ್ಟಿದ್ದಾರೆ. ಯಾವ ಕಾಲೇಜು, ಯಾವ ಕೆಲಸ, ರಾಜಧಾನಿಯಲ್ಲಿ ಇರಬಹುದೋ ಇಲ್ಲವೋ, ಎಲ್ಲಕ್ಕೂ ಆ ಪಟ್ಟಿಯೇ ಆಧಾರ. 1990ರ ದಶಕದಲ್ಲಿ ಸರ್ಕಾರದ ಪಡಿತರ ನಿಂತುಹೋದಾಗ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಮೊದಲು ಸತ್ತವರು ಈಶಾನ್ಯದ ಗಣಿ ಊರುಗಳವರು, ಪಟ್ಟಿಯ ಕೊನೆಯಲ್ಲಿದ್ದವರು.

ಇದನ್ನೆಲ್ಲ ಕೇಳಿ ಸುಮ್ನೆ ಇರುವುದು ಹೇಗೆ ಅಂತ ನಾನು ಬರೆದೆ. ಇಂಗ್ಲಿಷಿನಲ್ಲಿ, ನನ್ನದೇ ಪುಟದಲ್ಲಿ. ಅಕ್ಕನನ್ನು ಕೇಳಿಯೇ ಬರೆದೆ. "ಹೆಸರು ಮಾತ್ರ ಹಾಕಬೇಡ" ಅಂದಿದ್ದರು. ಹೆಸರು ಬದಲಿಸಿದೆ, ಫೋಟೋ ಹಾಕಲಿಲ್ಲ.

ನಾನು ಎಡವಿದ್ದು ಇಲ್ಲೇ. ನೀವೂ ಇಲ್ಲೇ ಎಡವುತ್ತೀರಿ ಅಂತ ನನಗೆ ಗೊತ್ತು, ಯಾಕೆಂದರೆ "ಮುಖ ಮಸುಕು ಮಾಡುತ್ತೇನೆ, ದನಿ ಬದಲಿಸುತ್ತೇನೆ" ಅಂತ ಬರೆದಿದ್ದೀರಿ. ಜನರ ಗುರುತು ಸಿಗುವುದು ಹೆಸರಿನಿಂದ, ಮುಖದಿಂದ ಮಾತ್ರವಲ್ಲ. ನಮ್ಮ ಕಡೆ ಯಾರಾದರೂ "ಅಪ್ಪ ಲೈನ್‌ಮನ್ ಆಗಿದ್ದರು, ಮೂವರು ತಮ್ಮಂದಿರು, ದೊಡ್ಡ ಮಳೆ ಬಂದ ವರ್ಷ ಅಜ್ಜಿ ಹೋದರು" ಅಂದರೆ ಆ ಊರಿನವರಿಗೆ ಹೆಸರು ಬೇಕಾ? ದಕ್ಷಿಣಕ್ಕೆ ಇದುವರೆಗೆ ಬಂದವರು 34,000ಕ್ಕಿಂತ ಸ್ವಲ್ಪ ಜಾಸ್ತಿ. ಅದರಲ್ಲಿ ಬಹುಪಾಲು ಚೀನಾ ಗಡಿಯ ಒಂದೆರಡು ಪ್ರಾಂತ್ಯಗಳವರು. ಒಂದೇ ಊರಿನವರು ಸಿಯೋಲ್‌ನಲ್ಲಿ ಎದುರಾಗುವುದು ಅಪರೂಪವೇನಲ್ಲ. ನಾನು ಅಪ್ಪನ ಕೆಲಸ ಬರೆದಿದ್ದೆ. ಒಡಹುಟ್ಟಿದವರು ಎಷ್ಟು, ಯಾರು ಯಾವಾಗ ಸತ್ತರು, ಚೀನಾ ಗಡಿಯ ನದಿ ದಾಟಿದ ಜಾಗ, ಚೀನಾದಲ್ಲಿ ಎಷ್ಟು ಕಾಲ ಇದ್ದರು ಅನ್ನುವುದನ್ನೂ ಬರೆದಿದ್ದೆ. ಬರಹಕ್ಕೆ ಜೀವ ಬರುವುದೇ ಇಂಥ ವಿವರಗಳಿಂದ. ಗುರುತು ಸಿಗುವುದೂ ಇವುಗಳಿಂದಲೇ.

ಇನ್ನೊಂದು ವಿಷಯ ನನ್ನ ತಲೆಗೆ ಹೊಳೆಯಲೇ ಇಲ್ಲ. ಓದುವವರೆಲ್ಲ ಮರುಗುವವರು ಅಂದುಕೊಂಡಿದ್ದೆ. ಓಡಿಹೋದವರು ಹೊರಗೆ ಏನು ಮಾತಾಡುತ್ತಾರೆ ಅಂತ ಅಲ್ಲಿನ ಸರ್ಕಾರವೂ ಕಣ್ಣಿಟ್ಟಿರುತ್ತದೆ. ಶಿನ್ ಡೋಂಗ್-ಹ್ಯುಕ್ ಅನ್ನುವವರು ಸೆರೆಶಿಬಿರದ ಅನುಭವ ಹೇಳಿ ಹೆಸರಾಗಿದ್ದಾಗ, 2014ರ ಅಕ್ಟೋಬರಿನಲ್ಲಿ ಉತ್ತರ ಕೊರಿಯಾ ಒಂದು ವಿಡಿಯೋ ಬಿಟ್ಟಿತು. ಕ್ಯಾಮೆರಾದ ಮುಂದೆ ಅವರ ತಂದೆಯನ್ನೇ ಕೂರಿಸಿತ್ತು, ಮಗ ಹೇಳಿದ್ದು ಸುಳ್ಳು ಅಂತ ಹೇಳಿಸಲು.

ಎಲ್ಲಕ್ಕಿಂತ ಕೆಟ್ಟದ್ದು ಕಾಗದದ ವಿಷಯ. ಯಾರಾದರೂ ನದಿ ದಾಟಿದರೆ, ಅವರು ಕಾಣೆಯಾಗಿದ್ದಾರೆ ಅಂತಲೋ ಸತ್ತರು ಅಂತಲೋ ಮನೆಯವರು ಹೇಳಿ, ಅಧಿಕಾರಿಗೆ ಲಂಚ ಕೊಟ್ಟು ಹಾಗೇ ಬರೆಸುತ್ತಾರೆ. ಆ ಕಾಗದ ನಿಂತಿರುವವರೆಗೆ ಮನೆಯವರು ಹೇಗೋ ಬದುಕಿಕೊಳ್ಳುತ್ತಾರೆ. ದಕ್ಷಿಣಕ್ಕೆ ಹೋಗಿದ್ದಾಳೆ ಅಂತ ತಿಳಿದರೆ ಇಡೀ ಮನೆಯೇ ತಪ್ಪಿತಸ್ಥ. ಕೆಲಸ ಹೋಗಬಹುದು, ಗಡಿಯ ಊರಿಂದ ಎತ್ತಿ ಒಳನಾಡಿನ ಬೆಟ್ಟಗಳಿಗೆ ಹಾಕಬಹುದು, ಅದಕ್ಕಿಂತ ಕೆಟ್ಟದ್ದೂ ಆಗಬಹುದು. ಅಕ್ಕನ ಮನೆಯವರು ಅಂಥ ಕಾಗದ ಮಾಡಿಸಿದ್ದರು. ನನ್ನನ್ನು ನಂಬಿ ಅಕ್ಕ ಅದನ್ನೂ ಹೇಳಿದ್ದರು. ನಾನು ಅದನ್ನೂ ಬರೆದಿದ್ದೆ.

ಯಾರೋ ನನ್ನ ಬರಹವನ್ನು ಕೊರಿಯನ್‌ಗೆ ತಂದರು, ಅದು ಹರಿದಾಡಿತು. ಅಕ್ಕ ದಲ್ಲಾಳಿಯ ಮೂಲಕ ತಮ್ಮನಿಗೆ ದುಡ್ಡು ಕಳಿಸುತ್ತಿದ್ದರು. ಅದರಲ್ಲಿ ದೊಡ್ಡ ಪಾಲು ಕಮಿಷನ್‌ಗೇ ಹೋಗುತ್ತದೆ. ತಮ್ಮ ಗಡಿಯ ಹತ್ತಿರ ಬಂದು, ಗಡಿಯಾಚೆಯಿಂದ ಕಳ್ಳಸಾಗಣೆಯಲ್ಲಿ ಬಂದ ಚೀನಾ ಫೋನಿನಲ್ಲಿ ಒಂದೆರಡು ಮಾತಾಡುತ್ತಿದ್ದ. ಆ ಫೋನ್ ನಿಂತಿತು. ಇನ್ನು ನನಗೆ ಕರೆ ಮಾಡಬೇಡಿ ಅಂದ ದಲ್ಲಾಳಿ. ಆಗ ಗಡಿಯಲ್ಲಿ ಕಾವಲು ಬಿಗಿಯಾಗುತ್ತಿತ್ತು, ಕಾರಣ ಅದೂ ಇರಬಹುದು. ಏನಾಯಿತು ಅಂತ ಅಕ್ಕನಿಗೂ ತಿಳಿಯಲಿಲ್ಲ. ಅವರು ನನ್ನ ಮೇಲೆ ಕೂಗಾಡಲಿಲ್ಲ. "ನೀನು ಬರೆದಿದ್ದರಲ್ಲಿ ಒಂದೂ ಸುಳ್ಳಿಲ್ಲ, ತೊಂದರೆ ಆಗಿದ್ದೇ ಅದರಿಂದ" ಅಂದರು. ಮತ್ತೆ ಪಾಠಕ್ಕೆ ಬರಲಿಲ್ಲ. ಸಂಸ್ಥೆಯವರು ನನಗೂ ಬರಬೇಡಿ ಅಂದರು, ಅವರು ಮಾಡಿದ್ದು ಸರಿ. ಪುಟ ಅಳಿಸಿದೆ, ಪ್ರತಿಗಳು ಉಳಿದವು.

ಈಗ ನಿಮ್ಮ ಸಾಲಿಗೆ ಬರುತ್ತೇನೆ. ಜಗತ್ತಿಗೆ ಗೊತ್ತಿಲ್ಲ ಅನ್ನುವುದು ನಿಜವಲ್ಲ. 2013ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ತನಿಖಾ ಆಯೋಗ ಮಾಡಿತು. ಆಸ್ಟ್ರೇಲಿಯಾದ ನಿವೃತ್ತ ನ್ಯಾಯಮೂರ್ತಿ ಮೈಕಲ್ ಕಿರ್ಬಿ ಅದರ ಅಧ್ಯಕ್ಷರು. ಉತ್ತರ ಕೊರಿಯಾ ಒಳಗೆ ಬಿಡಲಿಲ್ಲ, ಚೀನಾ ಗಡಿಗೆ ಬರಲು ಒಪ್ಪಲಿಲ್ಲ. ಸಿಯೋಲ್, ಟೋಕಿಯೊ, ಲಂಡನ್, ವಾಷಿಂಗ್ಟನ್‌ಗಳಲ್ಲಿ ಬಹಿರಂಗ ವಿಚಾರಣೆ ನಡೆಯಿತು. 80ಕ್ಕೂ ಹೆಚ್ಚು ಜನ ಎಲ್ಲರೆದುರು ಹೇಳಿದರು. ಇನ್ನೂ 240ಕ್ಕೂ ಹೆಚ್ಚು ಸಂದರ್ಶನಗಳು ಗುಟ್ಟಾಗಿ ನಡೆದವು. 2014ರ ಫೆಬ್ರವರಿಯಲ್ಲಿ ವರದಿ ಬಂತು. ಕೊಲೆ, ಗುಲಾಮಗಿರಿ, ಚಿತ್ರಹಿಂಸೆ, ಅತ್ಯಾಚಾರ, ಬಲವಂತದ ಗರ್ಭಪಾತ, ಗೊತ್ತಿದ್ದೂ ಜನರನ್ನು ಹಸಿವಿಗೆ ನೂಕಿದ್ದು, ಇವೆಲ್ಲ ಮಾನವೀಯತೆಯ ವಿರುದ್ಧದ ಅಪರಾಧ ಅಂತ ಅದು ಹೇಳಿತು. ನಾಲ್ಕು ದೊಡ್ಡ ಶಿಬಿರಗಳಲ್ಲಿ 80,000ದಿಂದ 1,20,000 ರಾಜಕೀಯ ಕೈದಿಗಳಿದ್ದಾರೆ ಅಂತ ಲೆಕ್ಕ ಕೊಟ್ಟಿತು. ಆ ಶಿಬಿರಗಳು ಉಪಗ್ರಹದ ಚಿತ್ರಗಳಲ್ಲಿ ಕಾಣುತ್ತವೆ.

ಇದಕ್ಕಿಂತ ಇನ್ನೇನು ಗೊತ್ತಾಗಬೇಕು? ಅದೇ ವರ್ಷದ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ 116 ಮತಗಳಿಂದ ಒಂದು ನಿರ್ಣಯ ಮಾಡಿತು. ಇದನ್ನು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಒಪ್ಪಿಸುವ ಬಗ್ಗೆ ಯೋಚಿಸಿ ಅಂತ ಭದ್ರತಾ ಮಂಡಳಿಗೆ ಹೇಳಿತು. ವಿರುದ್ಧ 20, ತಟಸ್ಥ 53. ಭದ್ರತಾ ಮಂಡಳಿಯಲ್ಲಿ ಚರ್ಚೆಯೇನೋ ಆಯಿತು. ಚೀನಾ ಮತ್ತು ರಷ್ಯಾ ಅದಕ್ಕೂ ವಿರುದ್ಧ ಮತ ಹಾಕಿದವು. ನ್ಯಾಯಾಲಯಕ್ಕೆ ಒಪ್ಪಿಸಬೇಕಾದರೆ ಅವರ ವೀಟೊ ದಾಟಬೇಕು, ಅದು ಆಗಿಲ್ಲ. 2023ರ ಅಕ್ಟೋಬರಿನಲ್ಲಿ, ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟ ಮುಗಿದ ಕೂಡಲೇ, ಚೀನಾ ತನ್ನಲ್ಲಿ ಹಿಡಿದಿಟ್ಟಿದ್ದ ನೂರಾರು ಜನರನ್ನು ವಾಪಸ್ ಅಟ್ಟಿತು. ನಿರಾಶ್ರಿತರ ಒಪ್ಪಂದಕ್ಕೆ ಒಪ್ಪಿಕೊಂಡ ದೇಶ ಅದು. ವಾಪಸ್ ಹೋದವರಿಗೆ ಏನಾಗುತ್ತದೆ ಅಂತ ಆ ವರದಿಯಲ್ಲೇ ಇತ್ತು.

ನಿಮ್ಮೂರಿನ ಜನರಲ್ ತಿಮ್ಮಯ್ಯನವರನ್ನು ನೆನೆಸಿಕೊಳ್ಳಿ. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ, ತಮ್ಮ ಕಡೆಗೆ ಮರಳಲು ಒಪ್ಪದ ಸೆರೆಯಾಳುಗಳು 22,000ಕ್ಕೂ ಹೆಚ್ಚು. ಅವರ ವಿಷಯ ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರೇ ಅಧ್ಯಕ್ಷರು. ಇಷ್ಟವಿಲ್ಲದವರನ್ನು ಬಲವಂತವಾಗಿ ಕಳಿಸಬಾರದು ಅನ್ನುವುದೇ ಆಗಿನ ದೊಡ್ಡ ಜಗಳ. 70 ವರ್ಷ ಕಳೆದರೂ ಚೀನಾ, ಉತ್ತರ ಕೊರಿಯಾ ನಡುವಿನ ಟ್ಯೂಮೆನ್ ನದಿಯ ದಡದಲ್ಲಿ ಅದೇ ಜಗಳ ನಡೆಯುತ್ತಿದೆ.

ಹಾಗಂತ ವರದಿಯಿಂದ ಏನೂ ಆಗಲಿಲ್ಲ ಅನ್ನುವವರ ಜೊತೆ ನಾನಿಲ್ಲ. 2014ರ ಅಕ್ಟೋಬರಿನಲ್ಲಿ ಉತ್ತರ ಕೊರಿಯಾದ ರಾಜತಾಂತ್ರಿಕರು, ನ್ಯಾಯಾಲಯದ ಮಾತನ್ನು ನಿರ್ಣಯದಿಂದ ತೆಗೆದರೆ ಅಲ್ಲಿನ ಮಾನವ ಹಕ್ಕುಗಳ ಸ್ಥಿತಿ ನೋಡಲು ವಿಶ್ವಸಂಸ್ಥೆ ನೇಮಿಸಿದ ವಿಶೇಷ ವರದಿಗಾರರನ್ನು ದೇಶದೊಳಗೆ ಬಿಡುತ್ತೇವೆ ಅಂದರು. ಅಲ್ಲಿಯವರೆಗೆ ಅಂಥ ವರದಿಗಾರರಿಗೆ ಬಾಗಿಲು ತೆರೆಯದವರು ಅವರು. ವಿಚಾರಣೆಗೆ ನಿಲ್ಲಬೇಕಾದೀತು ಅನ್ನುವ ಭಯ ಮೇಲಿನವರಿಗೂ ಇದೆ.

ಆ ಭಯ ಉಳಿಯಬೇಕಾದರೆ ದಾಖಲೆ ಗಟ್ಟಿಯಾಗಿರಬೇಕು. 2015ರ ಜನವರಿಯಲ್ಲಿ, ಆಯೋಗದ ಮುಂದೆಯೂ ಸಾಕ್ಷಿ ಹೇಳಿದ್ದ ಶಿನ್, ತಾವು ಮೊದಲು ಹೇಳಿದ್ದರಲ್ಲಿ ಕೆಲವು ಜಾಗ, ಕಾಲ ತಪ್ಪು ಅಂತ ಒಪ್ಪಿಕೊಂಡರು. ಉತ್ತರ ಕೊರಿಯಾ ಅದನ್ನೇ ಹಿಡಿದು ಇಡೀ ವರದಿ ಸುಳ್ಳು ಅಂತ ಕೂಗಿತು. ಒಬ್ಬರ ಮಾತಿನ ಮೇಲೆ ನಿಂತಿರಲಿಲ್ಲವಾದ್ದರಿಂದ ವರದಿ ಬೀಳಲಿಲ್ಲ. ವೇದಿಕೆ, ಕ್ಯಾಮೆರಾ, ಕೇಳುವವರ ಕಣ್ಣೀರು ಇವೆಲ್ಲ ಸೇರಿದರೆ ನೊಂದವರ ನೆನಪು ಅದಕ್ಕೆ ತಕ್ಕ ಹಾಗೆ ಜರುಗುತ್ತದೆ. ಅದು ಅವರ ತಪ್ಪಲ್ಲ, ಕೇಳುವ ರೀತಿಯ ತಪ್ಪು. ಗಟ್ಟಿ ದಾಖಲೆಗೆ ಒಂದು ಉದಾಹರಣೆ ಹೇಳುತ್ತೇನೆ. ಪಶ್ಚಿಮ ಜರ್ಮನಿ 1961ರಲ್ಲಿ ಬರ್ಲಿನ್ ಗೋಡೆ ಎದ್ದ ಕೆಲವೇ ತಿಂಗಳಲ್ಲಿ ಸಾಲ್ಸ್‌ಗಿಟರ್ ಅನ್ನುವ ಊರಲ್ಲಿ ಒಂದು ಕಚೇರಿ ತೆರೆಯಿತು. ಪೂರ್ವದಲ್ಲಿ ಯಾರು ಯಾರಿಗೆ ಗುಂಡು ಹಾರಿಸಿದರು, ಯಾವ ಜೈಲಿನಲ್ಲಿ ಯಾರು ಹೊಡೆದರು ಅಂತ ಬರೆದಿಡುವುದಷ್ಟೇ ಅದರ ಕೆಲಸ. ಸುಮಾರು 30 ವರ್ಷ ಬರೆದಿಟ್ಟರು. ಜರ್ಮನಿ ಒಂದಾದ ಮೇಲೆ ಆ ಕಡತಗಳು ಮೊಕದ್ದಮೆಗಳಿಗೆ ಬಂದವು. ದಕ್ಷಿಣ ಕೊರಿಯಾದ 2016ರ ಕಾನೂನಿನ ಪ್ರಕಾರವೂ ಅಂಥ ದಾಖಲೆ ಕೇಂದ್ರ ಇದೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯೂ 2015ರಿಂದ ಸಿಯೋಲ್‌ನಲ್ಲಿದೆ. ಗುಟ್ಟು ಕಾಯುವ ಕಟ್ಟುಪಾಡು, ಒಬ್ಬರ ಮಾತನ್ನು ಇನ್ನೊಬ್ಬರ ಮಾತಿಗೆ ತಾಳೆ ನೋಡುವ ಪದ್ಧತಿ ಅವರಿಗಿದೆ. ನಿಮಗೂ ನನಗೂ ಅದಿಲ್ಲ.

ಯಾರಾದರೂ ತಾವಾಗಿ ಹೇಳಬೇಕು ಅಂದರೆ ಅಲ್ಲಿಗೆ ಕರೆದುಕೊಂಡು ಹೋಗಿ. ನೀವು ಪಾಠ ಹೇಳಿಕೊಡಿ, ಹೊಸದಾಗಿ ಬಂದವರ ಜೊತೆ ಬ್ಯಾಂಕಿಗೆ, ಆಸ್ಪತ್ರೆಗೆ ಹೋಗಿ. ಅವರಾಗಿ ಬಾಯಿ ಬಿಡದೆ ಏನೂ ಕೇಳಬೇಡಿ, ಕೇಳಿದ್ದನ್ನು ಮನೆಯವರಿಗೂ ಹೇಳಬೇಡಿ.

ಏನಾದರೂ ಮಾಡಲೇಬೇಕು ಅಂತಿದ್ದರೆ ಕೆಲಸ ಬೇಕಾದಷ್ಟಿದೆ. ಕಿರ್ಬಿ ಆಯೋಗದ ಬಹಿರಂಗ ವಿಚಾರಣೆಗಳ ವಿಡಿಯೋ ಮತ್ತು ಬರಹ ವಿಶ್ವಸಂಸ್ಥೆಯ ಜಾಲತಾಣದಲ್ಲಿವೆ. ಆ ಜನ ಅಪಾಯ ಗೊತ್ತಿದ್ದೇ ಎಲ್ಲರೆದುರು ಕೂತು ಹೇಳಿದವರು. ಹೊಸ ಕ್ಯಾಮೆರಾ ಬೇಡ, ಅವರು ಆಗಲೇ ಹೇಳಿದ್ದನ್ನು ಕನ್ನಡಕ್ಕೆ ತನ್ನಿ. ಸಿಯೋಲ್ ವಿಚಾರಣೆಯ ಮೊದಲ ದಿನದಿಂದ ಶುರು ಮಾಡಿ. ಇಂಗ್ಲಿಷ್ ಅನುವಾದದ ಬಗ್ಗೆ ಅನುಮಾನ ಬಂದ ಕಡೆ ಗುರುತು ಹಾಕಿ ಕಳಿಸಿದರೆ, ಮೂಲ ಕೊರಿಯನ್ ಕೇಳಿ ನಾನು ಸರಿಪಡಿಸಿಕೊಡುತ್ತೇನೆ.